ಜರಿಯಲ್ಲ, ನೀರಿಸ್



ಬೆಟಗೇರಿಯ ಮಗ್ಗಗಳ ಸದ್ದಿನಲ್ಲಿ ಬೆಳೆದ ನಮಗೆ ಸಮುದ್ರವು ದೂರದ ನೆಂಟ. ಒಂದು ರಜೆಯಲ್ಲಿ ಗೋಕರ್ಣಕ್ಕೆ ಹೋದಾಗ, ಓಂ ಕಡಲತೀರದ ಬಂಡೆಗಳ ನಡುವೆ, ನೀರಿಳಿದ ಹೊತ್ತಿನಲ್ಲಿ ನನ್ನ ಮೊಮ್ಮಗಳು ಒಂದು ಕಲ್ಲನ್ನು ಮಗುಚಿದಳು. ಅಡಿಯಲ್ಲಿ ಎರಡಂಗುಲದ ಹಸಿರುಗಂದು ಹುಳುವೊಂದು ಹೊರಳಾಡುತ್ತಿತ್ತು. ಜರಿಯೆಂದು ಬಗೆದು ನಾನು ಚಪ್ಪಲಿಯನ್ನೆತ್ತಿದೆನು. "ಅಜ್ಜಾ, ತಡಿ. ಇದರ ಕಾಲಿಗೆ ಕೀಲೇ ಇಲ್ಲಲ್ಲ!" ಎಂದಳು.

ಮಗುವಿನ ನೋಟವೇ ಸರಿಯಾಗಿತ್ತು. ಜರಿಯ ಮೈ ಗಡುಸು, ಕಾಲುಗಳಿಗೆ ಕೀಲುಗಳುಂಟು, ವಿಷವೂ ಉಂಟು. ಇದರ ಮೈಯಾದರೋ ಮೃದು. ಕಾಲುಗಳೆಂದು ತೋರುವುವು ಬಿರುಗೂದಲು ತುಂಬಿದ ಮಾಂಸದ ಮಡಿಕೆಗಳು. ಇದು ನಮ್ಮ ಹೊಲದ ಎರೆಹುಳುವಿನ ದಾಯಾದಿಯಾದ ನೀರಿಸ್ ಕುಟುಂಬದ ಜೀವಿ.

ಇದನ್ನು ಗುರುತಿಸುವ ಬಗೆ ಹೀಗೆ: ತಲೆಯ ಮೇಲೆ ನಾಲ್ಕು ಕಣ್ಣುಗಳು, ಮುಂದೆ ಎರಡು ಸಣ್ಣ ಮೀಸೆಗಳು, ಅವುಗಳ ಪಕ್ಕದಲ್ಲಿ ಎರಡು ದಪ್ಪ ಸ್ಪರ್ಶಾಂಗಗಳು, ಕತ್ತಿನ ಇಕ್ಕೆಲಗಳಲ್ಲಿ ನಾಲ್ಕು ಜೊತೆ ಉದ್ದನೆಯ ಎಳೆಗಳು. ಗಂಟಲನ್ನು ಹೊರಚಾಚಿದಾಗ ಕುಡುಗೋಲಿನಂತಹ ಎರಡು ದವಡೆಗಳು ಕಾಣುತ್ತವೆ. ಅವುಗಳ ಗಡಸುತನಕ್ಕೆ ಸತುವೂ ಒಂದು ಕಾರಣ. ಕುಲವನ್ನು ನಿರ್ಣಯಿಸಲು ಮಾತ್ರ ಸೂಕ್ಷ್ಮದರ್ಶಕ ಬೇಕು. ಗಂಟಲಿನ ಕಿರುಹಲ್ಲುಗಳಲ್ಲಿ ಕೆಲವು ಅಡ್ಡಪಟ್ಟಿಯಂತಿದ್ದರೆ ಪೆರಿನೀರಿಸ್, ಅವು ಬಾಚಣಿಗೆಯಂತೆ ಸಾಲುಗಟ್ಟಿದ್ದರೆ ಪ್ಲಾಟಿನೀರಿಸ್. ಫ್ರಾನ್ಸಿನ ಪಿಯರ್ ಫೊವೆಲ್ ಅವರು ಭಾರತದ ಇಂತಹ ಹುಳುಗಳ ವಿವರವನ್ನು ೧೯೫೩ರಲ್ಲಿ ಗ್ರಂಥರೂಪಕ್ಕೆ ತಂದರು.

ನೇಕಾರರ ಮನೆಯವರಿಗೆ ಇನ್ನೊಂದು ಸ್ವಾರಸ್ಯವುಂಟು. ಪ್ಲಾಟಿನೀರಿಸ್ ತನ್ನ ಕಾಲಿನ ಗ್ರಂಥಿಗಳಿಂದ ಅಂಟುನೂಲು ತೆಗೆದು, ಪಾಚಿಯ ನಡುವೆ ಕೊಳವೆಯಂತಹ ಮನೆಯನ್ನು ಹೆಣೆದುಕೊಳ್ಳುತ್ತದೆ.

ಅದರ ಬಾಳಿನ ಕೊನೆಯು ಮನಕಲಕುವಂಥದು. ಹರೆಯ ತುಂಬಿದಾಗ ಕಣ್ಣುಗಳು ದೊಡ್ಡದಾಗುತ್ತವೆ, ಕಾಲುಗಳು ಹುಟ್ಟಿನಂತಾಗುತ್ತವೆ. ರಾತ್ರಿ ಮನೆಯನ್ನು ತೊರೆದು, ನೀರಿನ ಮೇಲಕ್ಕೆ ಬಂದು, ತತ್ತಿಯನ್ನೋ ವೀರ್ಯವನ್ನೋ ಚೆಲ್ಲಿ ಪ್ರಾಣಬಿಡುತ್ತದೆ. ಸಂತಾನಕ್ಕೆ ಅದಕ್ಕಿರುವುದು ಒಂದೇ ಅವಕಾಶ. ಆ ಕಾಲವನ್ನು ನಿಶ್ಚಯಿಸುವುದು ಚಂದ್ರನ ಬೆಳಕೆಂಬುದನ್ನು ಜರ್ಮನಿಯ ಕಾರ್ಲ್ ಹೌಯೆನ್‌ಶಿಲ್ಡ್ ಅವರು ಪ್ರಯೋಗಶಾಲೆಯಲ್ಲಿ ಮಂದದೀಪವನ್ನಿಟ್ಟು ತೋರಿಸಿ, ೧೯೬೦ರಲ್ಲಿ ವಿವರಿಸಿದರು. ಬಿಸಿಲನ್ನೂ ಬೆಳದಿಂಗಳನ್ನೂ ಬೇರೆಬೇರೆಯಾಗಿ ಅರಿಯಬಲ್ಲ ಪ್ರೋಟೀನೊಂದು ಅದರಲ್ಲಿರುವುದನ್ನು ೨೦೨೨ರ ಸಂಶೋಧನೆಗಳು ತಿಳಿಸಿದವು.

ಅಂದು ನನ್ನ ಚಪ್ಪಲಿ ಬಿದ್ದಿದ್ದರೆ ಒಂದು ಹುಳು ಮಾತ್ರವಲ್ಲ, ಅದರ ಸಂತತಿಯೂ ಅಳಿಯುತ್ತಿತ್ತು. ಚಪ್ಪಲಿ ಬೀಳದಿದ್ದರೂ ಕಲ್ಲನ್ನು ಮಗುಚಿಯೇ ಬಿಟ್ಟು ಬಂದರೆ, ಅಡಿಯ ಜೀವಿಗಳು ಬಿಸಿಲಿಗೆ ಒಣಗುತ್ತವೆ, ಮೇಲಣ ಪಾಚಿಯು ಕೆಳಗಾಗಿ ಕೊಳೆಯುತ್ತದೆ. ಆದುದರಿಂದ ತಾಯಂದಿರೇ, ತಂದೆಯರೇ, ಕಡಲತೀರದಲ್ಲಿ ಮಕ್ಕಳು ಕಲ್ಲನ್ನೆತ್ತಿದರೆ ಗದರಬೇಡಿರಿ. ಬರಿಗೈಯಿಂದ ಹುಳುವನ್ನು ಹಿಡಿಯದೆ ಕಣ್ತುಂಬ ನೋಡಲಿ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಮೆಲ್ಲನೆ ಇಡಲು ಕಲಿಸಿರಿ. ನನಗೆ ಇದನ್ನು ಕಲಿಸಿದವಳು ಮೊಮ್ಮಗಳು.