ಗೆಲ್ಲುವವರಾರೆಂದು ತಿಳಿಯುವ ಮುನ್ನ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸುಧಾರಣೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2024ರ ನವೆಂಬರ್ 5ರಂದು ನಡೆದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಅವರು 312 ನಿರ್ವಾಚಕ ಮತಗಳನ್ನೂ ಕಮಲಾ ಹ್ಯಾರಿಸ್ ಅವರು 226 ನಿರ್ವಾಚಕ ಮತಗಳನ್ನೂ ಪಡೆದರು. ದೇಶದಾದ್ಯಂತ ಜನರು ನೀಡಿದ ಮತಗಳ ಒಟ್ಟು ಎಣಿಕೆಯಲ್ಲಿಯೂ ಟ್ರಂಪ್ ಅವರೇ ಸುಮಾರು 23 ಲಕ್ಷ ಮತಗಳಿಂದ ಮುಂದಿದ್ದರು. ಎರಡು ಬಗೆಯ ಎಣಿಕೆಯೂ ಒಬ್ಬರನ್ನೇ ಆರಿಸಿದ್ದರಿಂದ, ಅಧ್ಯಕ್ಷರನ್ನು ಆರಿಸುವ ಪದ್ಧತಿಯ ಬಗೆಗಿದ್ದ ಹಳೆಯ ತಕರಾರು ಬಹುಮಟ್ಟಿಗೆ ತಣ್ಣಗಾಯಿತು. ಹೀಗೆ ತಣ್ಣಗಾದ ಹೊತ್ತೇ ಆ ಪದ್ಧತಿಯನ್ನು ವಿಚಾರಿಸಲು ತಕ್ಕ ಹೊತ್ತು ಎಂದು ನಾವು ಭಾವಿಸುತ್ತೇವೆ. ಸೋತವರು ನೋವಿನಲ್ಲಿ ಕೇಳುವ ಸುಧಾರಣೆಯನ್ನು ಗೆದ್ದವರು ನಂಬುವುದಿಲ್ಲ. ಗೆದ್ದವರಿಗಂತೂ ಸುಧಾರಣೆಯ ನೆನಪೇ ಬರುವುದಿಲ್ಲ.

ಪದ್ಧತಿಯ ಸ್ವರೂಪ

ಅಮೆರಿಕದ ಪ್ರಜೆಗಳು ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಅವರು ತಮ್ಮ ರಾಜ್ಯದ ನಿರ್ವಾಚಕರನ್ನು ಆರಿಸುತ್ತಾರೆ. ಆ ನಿರ್ವಾಚಕರು ಅಧ್ಯಕ್ಷರನ್ನು ಆರಿಸುತ್ತಾರೆ. ಇದಕ್ಕೆ ಎಲೆಕ್ಟೊರಲ್ ಕಾಲೇಜ್, ಎಂದರೆ ನಿರ್ವಾಚಕ ಮಂಡಳಿ ಎಂದು ಹೆಸರು. ಪ್ರತಿನಿಧಿ ಸಭೆಯಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸ್ಥಾನಗಳಿವೆಯೋ ಅಷ್ಟಕ್ಕೆ ಸೆನೆಟ್‌ನ ಎರಡು ಸ್ಥಾನಗಳನ್ನು ಕೂಡಿಸಿದರೆ ಆ ರಾಜ್ಯದ ನಿರ್ವಾಚಕರ ಸಂಖ್ಯೆ ದೊರೆಯುತ್ತದೆ. ರಾಜಧಾನಿ ವಾಷಿಂಗ್ಟನ್‌ಗೆ 1961ರ 23ನೆಯ ತಿದ್ದುಪಡಿಯಿಂದ ಮೂವರು ದೊರೆತರು. ಒಟ್ಟು 538, ಗೆಲ್ಲಲು 270 ಬೇಕು.

ಮೇಯ್ನ್ ಮತ್ತು ನೆಬ್ರಾಸ್ಕಗಳನ್ನು ಬಿಟ್ಟರೆ ಉಳಿದ 48 ರಾಜ್ಯಗಳಲ್ಲಿ, ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ಎಲ್ಲ ನಿರ್ವಾಚಕರು ದಕ್ಕುತ್ತಾರೆ. ಈ ಪದ್ಧತಿಯ ತೊಡಕೆಲ್ಲ ಇಲ್ಲಿಯೇ ಇದೆ. ನಮ್ಮ ರಾಷ್ಟ್ರಪತಿಯವರ ಚುನಾವಣೆಯಲ್ಲಿಯೂ ನಿರ್ವಾಚಕ ಮಂಡಳಿಯಿದೆ. 1971ರ ಜನಗಣತಿಯನ್ನು ಆಧರಿಸಿ ಉತ್ತರ ಪ್ರದೇಶದ ಶಾಸಕರೊಬ್ಬರ ಮತಕ್ಕೆ 208, ಕರ್ನಾಟಕದ ಶಾಸಕರೊಬ್ಬರ ಮತಕ್ಕೆ 131, ಸಿಕ್ಕಿಮಿನ ಶಾಸಕರೊಬ್ಬರ ಮತಕ್ಕೆ 7 ಎಂಬ ಮೌಲ್ಯವನ್ನು ನಿಗದಿ ಮಾಡಲಾಗಿದೆ. ಆದರೆ ಒಂದು ರಾಜ್ಯದ ಮತಗಳೆಲ್ಲ ಗಂಟು ಕಟ್ಟಿ ಒಬ್ಬರ ಪಾಲಿಗೆ ಹೋಗುವ ವ್ಯವಸ್ಥೆ ನಮ್ಮಲ್ಲಿಲ್ಲ. ಮೇಲಾಗಿ, ನಮ್ಮ ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಅಮೆರಿಕದ ಅಧ್ಯಕ್ಷರು ಸ್ವತಃ ಆಡಳಿತದ ಅಧಿಕಾರ ಹೊಂದಿರುವವರು.

ಹುಟ್ಟಿನ ಹಿನ್ನೆಲೆ

1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ ಸಂವಿಧಾನ ಸಭೆಯಲ್ಲಿ ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್ ಅವರು ಜನರಿಂದಲೇ ಅಧ್ಯಕ್ಷರ ಆಯ್ಕೆಯಾಗಲಿ ಎಂದು ವಾದಿಸಿದ್ದರು. ವರ್ಜಿನಿಯದ ಜೇಮ್ಸ್ ಮ್ಯಾಡಿಸನ್ ಅವರೂ ಜನರ ಆಯ್ಕೆಯೇ ತಕ್ಕದ್ದೆಂದು ಒಪ್ಪಿದರು. ಆದರೆ ದಕ್ಷಿಣದ ರಾಜ್ಯಗಳಿಗೆ ಅದರಿಂದ ತೊಡಕಾಗುವುದೆಂದು ತಿಳಿಸಿದರು. ಅಲ್ಲಿ ಗುಲಾಮರ ಸಂಖ್ಯೆ ದೊಡ್ಡದು, ಅವರಿಗೆ ಮತವಿಲ್ಲ; ನೇರ ಚುನಾವಣೆಯಾದರೆ ಆ ರಾಜ್ಯಗಳ ತೂಕ ಕುಗ್ಗುತ್ತದೆ. ನಿರ್ವಾಚಕ ಮಂಡಳಿಯಲ್ಲಾದರೋ ಐವರು ಗುಲಾಮರನ್ನು ಮೂವರೆಂದು ಎಣಿಸಿ ಹಂಚಿದ ಪ್ರತಿನಿಧಿ ಸ್ಥಾನಗಳ ಲಾಭವೂ ಸೇರಿಕೊಂಡಿತು. ಮತದ ಹಕ್ಕಿಲ್ಲದವರ ತಲೆಯೆಣಿಕೆ ಅವರ ಒಡೆಯರ ಮತವನ್ನು ಹಿಗ್ಗಿಸಿತು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷ ಪದವಿಯಲ್ಲಿದ್ದವರು ವರ್ಜಿನಿಯದ ಗುಲಾಮರ ಒಡೆಯರೇ. ಸಂಸತ್ತೇ ಅಧ್ಯಕ್ಷರನ್ನು ಆರಿಸಿದರೆ ಅವರು ಅದರ ಹಂಗಿಗೆ ಬೀಳುವರೆಂಬ ಭಯ, ವಿಶಾಲ ದೇಶದಲ್ಲಿ ದೂರದ ಅಭ್ಯರ್ಥಿಗಳ ಪರಿಚಯ ಜನರಿಗಿರದೆಂಬ ಸಂದೇಹ ಮೊದಲಾದ ಕಾರಣಗಳೂ ಇದ್ದವು. ಆದರೂ ಪವಿತ್ರ ತತ್ತ್ವವೆಂದು ಇಂದು ಕೆಲವರು ಕೊಂಡಾಡುವ ಈ ಏರ್ಪಾಟು ಅಂದಿನವರಿಗೆ ಒಂದು ರಾಜಿಯಷ್ಟೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಎರಡು ಎಣಿಕೆ, ಎರಡು ಉತ್ತರ

1876, 1888, 2000 ಮತ್ತು 2016ರಲ್ಲಿ ದೇಶದ ಒಟ್ಟು ಮತಗಳಲ್ಲಿ ಹಿಂದೆ ಬಿದ್ದವರು ನಿರ್ವಾಚಕ ಮತಗಳಲ್ಲಿ ಗೆದ್ದು ಅಧ್ಯಕ್ಷರಾದರು. 2000ದಲ್ಲಿ ಆಲ್ ಗೋರ್ ಅವರು 5 ಲಕ್ಷ 43 ಸಾವಿರಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಫ್ಲಾರಿಡ ರಾಜ್ಯದ 537 ಮತಗಳ ಅಂತರ ಜಾರ್ಜ್ ಬುಷ್ ಅವರನ್ನು ಅಧ್ಯಕ್ಷರನ್ನಾಗಿಸಿತು. 2016ರಲ್ಲಿ ಹಿಲರಿ ಕ್ಲಿಂಟನ್ ಅವರು 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದೂ ಸೋತರು.

ಈ ನಾಲ್ಕೂ ಸಲ ಗೆದ್ದವರು ರಿಪಬ್ಲಿಕನ್ ಪಕ್ಷದವರು. ಆದ್ದರಿಂದ ಈ ಪದ್ಧತಿ ಆ ಪಕ್ಷಕ್ಕೆ ಕಟ್ಟಿಟ್ಟ ಬುತ್ತಿ ಎಂಬ ನಂಬಿಕೆ ಎರಡೂ ಪಕ್ಷಗಳಲ್ಲಿ ಬೇರೂರಿದೆ. ಅದು ನಿಜವಲ್ಲ. 2004ರಲ್ಲಿ ಬುಷ್ ಅವರು ಸುಮಾರು 30 ಲಕ್ಷ ಮತಗಳಿಂದ ಮುಂದಿದ್ದರು. ಆದರೆ ಒಹಾಯೊ ರಾಜ್ಯದಲ್ಲಿ ಅವರ ಮುನ್ನಡೆ ಸುಮಾರು 1 ಲಕ್ಷ 18 ಸಾವಿರ ಮಾತ್ರ. ಅಲ್ಲಿ 60 ಸಾವಿರ ಮತದಾರರು ಮನಸ್ಸು ಬದಲಿಸಿದ್ದರೆ, ಡೆಮಾಕ್ರಟಿಕ್ ಪಕ್ಷದ ಜಾನ್ ಕೆರಿ ಅವರು 30 ಲಕ್ಷ ಮತಗಳ ಹಿನ್ನಡೆಯೊಂದಿಗೇ ಅಧ್ಯಕ್ಷರಾಗುತ್ತಿದ್ದರು. ಈ ತಕ್ಕಡಿ ಯಾರ ಕಡೆಗೂ ವಾಲಬಹುದು. ಯಾವಾಗ ಯಾವ ಕಡೆಗೆಂದು ಮುಂಚಿತವಾಗಿ ಹೇಳಲಾಗದಿರುವುದೇ ಅದರ ದೋಷ.

ಸಣ್ಣ ರಾಜ್ಯಗಳ ಭಯ ಮತ್ತು ನಮ್ಮ ಭಯ

ನೇರ ಎಣಿಕೆ ಬಂದರೆ ಸಣ್ಣ ರಾಜ್ಯಗಳನ್ನು ಕೇಳುವವರಿರುವುದಿಲ್ಲ ಎಂಬುದು ಸುಧಾರಣೆಯ ವಿರೋಧಿಗಳ ಮುಖ್ಯ ವಾದ. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಏಕೆಂದರೆ ಕರ್ನಾಟಕದವರಾದ ನಮಗೂ ಇದೇ ಬಗೆಯ ಭಯವಿದೆ. ರಾಜ್ಯಗಳ ನಡುವಿನ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು ನಮ್ಮ ಸಂವಿಧಾನದ 84ನೆಯ ತಿದ್ದುಪಡಿಯು 1971ರ ಜನಗಣತಿಗೆ ಕಟ್ಟಿ, 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದಿತ್ತು. ಬರಿಯ ತಲೆಯೆಣಿಕೆಯಿಂದ ಸ್ಥಾನಗಳನ್ನು ಹಂಚಿದರೆ ಜನಸಂಖ್ಯೆಯ ಬೆಳವಣಿಗೆಯನ್ನು ಹತೋಟಿಯಲ್ಲಿಟ್ಟ ದಕ್ಷಿಣದ ರಾಜ್ಯಗಳ ದನಿ ಕುಂದುವುದೆಂದು ನಾವು ಹೇಳುತ್ತ ಬಂದಿದ್ದೇವೆ. ಹಾಗಿರುವಾಗ ಅಮೆರಿಕದವರಿಗೆ ಮಾತ್ರ ತಲೆಯೆಣಿಕೆಯ ನ್ಯಾಯವನ್ನು ಬೋಧಿಸುವುದು ಸರಿಯೇ? ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ.

ನಮ್ಮ ಉತ್ತರ ಹೀಗಿದೆ. ಶಾಸನ ಸಭೆಯಲ್ಲಿ ಸ್ಥಾನಗಳನ್ನು ಹಂಚುವುದು ಬೇರೆ, ಒಬ್ಬನೇ ಅಧಿಕಾರಸ್ಥನನ್ನು ಆರಿಸುವುದು ಬೇರೆ. ಶಾಸನ ಸಭೆಯಲ್ಲಿ ಪ್ರದೇಶಗಳ ಹಿತ ಪರಸ್ಪರ ಎದುರಾಗುತ್ತದೆ. ಅಲ್ಲಿ ಚಿಕ್ಕವರಿಗೆ ಆಸರೆ ಬೇಕು. ಅಮೆರಿಕದಲ್ಲಿ ಆ ಆಸರೆ ಸೆನೆಟ್‌ನಲ್ಲಿದೆ. 2020ರ ಜನಗಣತಿಯಲ್ಲಿ 5 ಲಕ್ಷ 77 ಸಾವಿರದಷ್ಟು ಜನರಿದ್ದ ವಯೋಮಿಂಗ್‌ಗೂ 3 ಕೋಟಿ 95 ಲಕ್ಷ ಜನರಿದ್ದ ಕ್ಯಾಲಿಫೋರ್ನಿಯಕ್ಕೂ ಅಲ್ಲಿ ಎರಡೆರಡೇ ಸ್ಥಾನ. ಅಧ್ಯಕ್ಷರ ಚುನಾವಣೆಯನ್ನು ಬದಲಿಸಿದರೆ ಅದು ಅಳಿಯುವುದಿಲ್ಲ.

ಇನ್ನು ನಿರ್ವಾಚಕ ಮಂಡಳಿಯಾದರೂ ಸಣ್ಣ ರಾಜ್ಯಗಳನ್ನು ಕಾಪಾಡಿದೆಯೇ? ಲೆಕ್ಕದಲ್ಲಿ ನೋಡಿದರೆ ಹೌದು: ವಯೋಮಿಂಗ್‌ನಲ್ಲಿ ಸುಮಾರು 1 ಲಕ್ಷ 92 ಸಾವಿರ ಜನರಿಗೊಬ್ಬ ನಿರ್ವಾಚಕ, ಕ್ಯಾಲಿಫೋರ್ನಿಯದಲ್ಲಿ ಸುಮಾರು 7 ಲಕ್ಷ 32 ಸಾವಿರ ಜನರಿಗೊಬ್ಬ. ಆದರೆ ವಯೋಮಿಂಗ್‌ನ ಫಲಿತಾಂಶ ಮೊದಲೇ ತಿಳಿದಿರುವುದರಿಂದ ಯಾವ ಅಭ್ಯರ್ಥಿಯೂ ಅಲ್ಲಿಗೆ ಮತ ಕೇಳಲು ಹೋಗುವುದಿಲ್ಲ. 2024ರಲ್ಲಿ ಎರಡೂ ಪಕ್ಷಗಳ ಹಣ, ಸಮಯ ಮತ್ತು ಶ್ರಮ ಹರಿದದ್ದು ಮುಖ್ಯವಾಗಿ ಪೆನ್ಸಿಲ್ವೇನಿಯ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯ, ನಾರ್ತ್ ಕ್ಯಾರೊಲಿನ, ಅರಿಜೋನ, ನೆವಾಡ ಎಂಬ ಏಳು ನಿರ್ಣಾಯಕ ರಾಜ್ಯಗಳಿಗೆ. ಇವುಗಳ ನಿರ್ವಾಚಕರು 93 ಮಂದಿ. ಆ ದೇಶದ ಪೌರತ್ವ ಪಡೆದ ಕನ್ನಡಿಗರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿದವರ ಮನೆ ಬಾಗಿಲಿಗೆ ಅಭ್ಯರ್ಥಿಗಳ ಕಡೆಯವರು ಬರುತ್ತಾರೆ; ಕ್ಯಾಲಿಫೋರ್ನಿಯದಲ್ಲೋ ನ್ಯೂ ಜರ್ಸಿಯಲ್ಲೋ ನೆಲೆಸಿದವರ ಮತವನ್ನು ಒಂದು ಪಕ್ಷ ತನ್ನದೆಂದು, ಇನ್ನೊಂದು ಪಕ್ಷ ತನ್ನದಲ್ಲವೆಂದು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಆಸರೆ ದೊರೆತದ್ದು ಚಿಕ್ಕ ರಾಜ್ಯಗಳಿಗಲ್ಲ, ಎರಡೂ ಪಕ್ಷಗಳು ಸಮಸಮವಾಗಿರುವ ರಾಜ್ಯಗಳಿಗೆ.

ಕೈತಪ್ಪಿದ ಅವಕಾಶ

1968ರ ಚುನಾವಣೆಯಲ್ಲಿ ಮೂರನೆಯ ಅಭ್ಯರ್ಥಿ ಜಾರ್ಜ್ ವಾಲೆಸ್ ಅವರು 46 ನಿರ್ವಾಚಕ ಮತಗಳನ್ನು ಗಳಿಸಿದ್ದರು. ಯಾರಿಗೂ ಬಹುಮತ ಬಾರದಿದ್ದರೆ ಪ್ರತಿನಿಧಿ ಸಭೆಯು ರಾಜ್ಯಕ್ಕೊಂದು ಮತದಂತೆ ಅಧ್ಯಕ್ಷರನ್ನು ಆರಿಸಬೇಕಾಗುತ್ತಿತ್ತು. ಆ ಆತಂಕದಿಂದ ಎಚ್ಚೆತ್ತು, ಸೆನೆಟರ್ ಬರ್ಚ್ ಬೈ ಮತ್ತು ಪ್ರತಿನಿಧಿ ಇಮ್ಯಾನ್ಯುಯೆಲ್ ಸೆಲರ್ ಅವರು ನೇರ ಚುನಾವಣೆಯ ತಿದ್ದುಪಡಿಯನ್ನು ತಂದರು. ಶೇಕಡ 40ರಷ್ಟಾದರೂ ಮತ ಪಡೆದು ಮುಂದಿರುವವರು ಗೆಲ್ಲಬೇಕು. ಇಲ್ಲವಾದರೆ ಮೊದಲಿಬ್ಬರ ನಡುವೆ ಮರುಚುನಾವಣೆ ನಡೆಯಬೇಕು. 1969ರ ಸೆಪ್ಟೆಂಬರಿನಲ್ಲಿ ಪ್ರತಿನಿಧಿ ಸಭೆ ಇದನ್ನು 338–70 ಮತಗಳಿಂದ ಅಂಗೀಕರಿಸಿತು. ಎರಡೂ ಪಕ್ಷಗಳವರು ಕೈಗೂಡಿಸಿದ್ದರು. ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರೂ ಬೆಂಬಲಿಸಿದರು. ಮರುವರ್ಷ ಸೆನೆಟ್‌ನಲ್ಲಿ ಕೆಲವರು, ಮುಖ್ಯವಾಗಿ ದಕ್ಷಿಣದ ಸೆನೆಟರುಗಳು, ಚರ್ಚೆಯನ್ನೇ ಮುಗಿಯಗೊಡಿಸದೆ ಅದನ್ನು ಕೊಂದರು. 1979ರಲ್ಲಿ ಮತ್ತೆ ಯತ್ನ ನಡೆದು 51–48 ಮತಗಳು ಬಂದವು. ಬೇಕಾಗಿದ್ದ ಮೂರನೆಯ ಎರಡು ಭಾಗ ಒದಗಲಿಲ್ಲ. ಆ ಸಲ ಉತ್ತರದ ದೊಡ್ಡ ರಾಜ್ಯಗಳ ಕೆಲವು ಉದಾರವಾದಿಗಳೂ, ತಮ್ಮ ಬೆಂಬಲಿಗರಿಗೆ ಆ ರಾಜ್ಯಗಳಲ್ಲಿದ್ದ ನಿರ್ಣಾಯಕ ಬಲ ಕೈತಪ್ಪುವುದೆಂದು ಹಿಂಜರಿದರು. ತತ್ತ್ವದ ಮಾತನಾಡುವವರೆಲ್ಲರ ಮಡಿಲಿನಲ್ಲೂ ಲೆಕ್ಕದ ಪುಸ್ತಕ ಇದ್ದೇ ಇತ್ತು.

ಹೊಸ ದಾರಿ, ಅದರ ಕಲ್ಲುಮುಳ್ಳು

ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳ ಮೂರನೆಯ ಎರಡು ಭಾಗದ ಒಪ್ಪಿಗೆಯೂ 50ರಲ್ಲಿ 38 ರಾಜ್ಯಗಳ ಅನುಮೋದನೆಯೂ ಬೇಕು. ಇದು ಅಸಾಧ್ಯವೆನಿಸಿದಾಗ ಕೆಲವರು ಅಡ್ಡದಾರಿಯೊಂದನ್ನು ಹುಡುಕಿದರು. ನಿರ್ವಾಚಕರನ್ನು ನೇಮಿಸುವ ರೀತಿಯನ್ನು ಆಯಾ ರಾಜ್ಯದ ಶಾಸಕಾಂಗವೇ ನಿರ್ಧರಿಸಬಹುದೆಂದು ಸಂವಿಧಾನ ಹೇಳುತ್ತದೆ. ಆದ್ದರಿಂದ 270 ನಿರ್ವಾಚಕರಿರುವಷ್ಟು ರಾಜ್ಯಗಳು ಕೂಡಿ, ದೇಶದಲ್ಲಿ ಒಟ್ಟು ಹೆಚ್ಚು ಮತ ಪಡೆದವರಿಗೇ ತಮ್ಮ ನಿರ್ವಾಚಕರನ್ನು ಕೊಡುವೆವೆಂದು ಒಪ್ಪಂದ ಮಾಡಿಕೊಂಡರೆ ತಿದ್ದುಪಡಿಯ ಅಗತ್ಯವೇ ಬೀಳುವುದಿಲ್ಲ. 2007ರಲ್ಲಿ ಮೇರಿಲ್ಯಾಂಡ್ ಮೊದಲು ಸೇರಿತು. 2024ರಲ್ಲಿ ಮೇಯ್ನ್ ಸೇರಿದಾಗ 17 ರಾಜ್ಯಗಳು ಮತ್ತು ರಾಜಧಾನಿಯ ಬಲ ಕೂಡಿ 209 ಆಯಿತು.

ಈ ಜಾಣತನವನ್ನು ಮೆಚ್ಚುತ್ತಲೇ ಅದರ ಕೊರತೆಗಳನ್ನೂ ಹೇಳಬೇಕು. ಒಪ್ಪಂದದಲ್ಲಿ ಕನಿಷ್ಠ ಮತದ ನಿಬಂಧನೆಯಿಲ್ಲ. ಶೇಕಡ 35 ಪಡೆದವರೂ ಗೆಲ್ಲಬಹುದು. ಮತಪಟ್ಟಿ, ಮತದಾನ, ಮರುಎಣಿಕೆಗಳ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ದೇಶವ್ಯಾಪಿ ಮರುಎಣಿಕೆ ಬೇಕೆನಿಸಿದರೆ ಅದನ್ನು ನಡೆಸುವ ಸಂಸ್ಥೆಯಿಲ್ಲ. ರಾಜ್ಯಗಳ ನಡುವಿನ ಒಪ್ಪಂದಕ್ಕೆ ಸಂಸತ್ತಿನ ಸಮ್ಮತಿ ಬೇಕೆಂಬ ಸಂವಿಧಾನದ ವಿಧಿಯ ಪ್ರಶ್ನೆಯೂ ಇದೆ. ಸೇರಿದ ರಾಜ್ಯ ಹೊರಗೆ ಹೋಗಲೂಬಹುದು. 2019ರಲ್ಲಿ ನೆವಾಡದ ಶಾಸಕಾಂಗ ಇದನ್ನು ಅಂಗೀಕರಿಸಿದರೂ, ತಮ್ಮಂತಹ ಸಣ್ಣ ರಾಜ್ಯದ ಮಹತ್ವ ಕುಗ್ಗುವುದೆಂದು ಡೆಮಾಕ್ರಟಿಕ್ ಪಕ್ಷದವರೇ ಆದ ರಾಜ್ಯಪಾಲರು ತಡೆದರು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬೇರೊಂದಿದೆ. 2024ರ ವೇಳೆಗೆ ಸೇರಿದ್ದ 17 ರಾಜ್ಯಗಳಲ್ಲಿಯೂ ಹ್ಯಾರಿಸ್ ಅವರಿಗೇ ಹೆಚ್ಚು ಮತ ಬಂದಿತ್ತು. ಒಪ್ಪಂದ ಆಗ ಜಾರಿಯಲ್ಲಿದ್ದಿದ್ದರೆ, ಕ್ಯಾಲಿಫೋರ್ನಿಯ ತನ್ನ 54 ನಿರ್ವಾಚಕರನ್ನು, ನ್ಯೂಯಾರ್ಕ್ ತನ್ನ 28 ನಿರ್ವಾಚಕರನ್ನು ಟ್ರಂಪ್ ಅವರಿಗೆ ಒಪ್ಪಿಸಬೇಕಾಗುತ್ತಿತ್ತು. ಅಲ್ಲಿನ ಜನ, ಶಾಸಕರು ಅದನ್ನು ಸಹಿಸುತ್ತಿದ್ದರೇ? ಸಹಿಸುತ್ತಿದ್ದೆವು ಎಂದು ಎದೆಮುಟ್ಟಿ ಹೇಳುವವರಷ್ಟೇ ಈ ಸುಧಾರಣೆಯ ನಿಜವಾದ ಪಕ್ಷಪಾತಿಗಳು. ಹಾಗೆಯೇ, 2004ರ ಒಹಾಯೊವನ್ನು ನೆನೆದು, ನಾಳೆ ತಾವೂ ಹೀಗೆ ಸೋಲಬಹುದೆಂದು ಒಪ್ಪುವ ರಿಪಬ್ಲಿಕನ್ನರು ಮುಂದೆ ಬಂದಾಗ ಮಾತ್ರ ಇದಕ್ಕೆ ಬಲ ಬರುತ್ತದೆ.

ನಮ್ಮ ಅಭಿಪ್ರಾಯದಲ್ಲಿ 1969ರ ದಾರಿಯೇ ರಾಜಮಾರ್ಗ: ಕನಿಷ್ಠ ಮತದ ನಿಬಂಧನೆ, ಮರುಚುನಾವಣೆ, ದೇಶಕ್ಕೆಲ್ಲ ಒಂದೇ ಎಣಿಕೆ, ಮತ್ತು ಇವೆಲ್ಲಕ್ಕೂ ಎರಡು ಪಕ್ಷಗಳ ಸಮ್ಮತಿ. ರಾಜ್ಯಗಳ ಒಪ್ಪಂದ ಆ ಚರ್ಚೆಯನ್ನು ಜೀವಂತವಾಗಿಟ್ಟಿದೆ. ಅದೇ ಅದರ ಉಪಕಾರ. ಆದರೆ ಒಂದೇ ಪಕ್ಷದ ರಾಜ್ಯಗಳು ಹೇಗೋ 270 ಮುಟ್ಟಿಸಿ ಜಾರಿಗೆ ತಂದ ನಿಯಮ, ಅದು ಎಷ್ಟೇ ನ್ಯಾಯವಾಗಿದ್ದರೂ, ಮೊದಲ ಕಷ್ಟದ ಚುನಾವಣೆಯಲ್ಲಿಯೇ ಬಿರುಕುಬಿಡುವ ಭಯವಿದೆ. 2021ರ ಜನವರಿ 6ರಂದು ಆ ದೇಶದ ಸಂಸತ್ ಭವನದಲ್ಲಿ ನಡೆದುದನ್ನು ಲೋಕವೆಲ್ಲ ಕಂಡಿದೆ. ಎಣಿಕೆಯನ್ನು ಸೋತವರೂ ನಂಬಬೇಕು. ಇಲ್ಲವಾದರೆ ಯಾವ ಎಣಿಕೆಯೂ ನಿಲ್ಲದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಮುಂದಿನ ಅಧ್ಯಕ್ಷೀಯ ಚುನಾವಣೆ 2028ರಲ್ಲಿ ನಡೆಯಲಿದೆ. ಆಗಿನ ಲಾಭ ಯಾರಿಗೆಂದು ಇಂದು ಯಾರೂ ಖಚಿತವಾಗಿ ಹೇಳಲಾರರು. ನ್ಯಾಯವಾದ ನಿಯಮವನ್ನು ಮಾಡಲು ಬೇಕಾದ ಅನಿಶ್ಚಿತತೆ ಇದೇ ಅಲ್ಲವೇ? ಸ್ಥಾನ ಹಂಚಿಕೆಯ ಪ್ರಶ್ನೆಯನ್ನು ಎದುರಿಸಬೇಕಾದ ನಾವೂ ಇದನ್ನು ಮನಗಾಣಬೇಕು. ನಮ್ಮ ರಾಜ್ಯಕ್ಕೆ ಎಷ್ಟು ದೊರೆಯುವುದೆಂದು ಕೇಳುವ ಮುನ್ನ, ಕಡಿಮೆ ದೊರೆತರೂ ಒಪ್ಪಬಹುದಾದ ನಿಯಮ ಯಾವುದೆಂದು ಕೇಳಿಕೊಳ್ಳುವ ಧೈರ್ಯ ಅವರಿಗೂ ಬೇಕು, ನಮಗೂ ಬೇಕು.