ಬೀದಿಯ ಆಟವೂ ಒಂದು ಕಾಯಕ

ಬಸವಕಲ್ಯಾಣ, ಹುಮನಾಬಾದ್ ಪೇಟೆಗಳಿಗೆ ಹಗಲುವೇಷದವರು, ದೊಂಬರಾಟದವರು, ದಫ್ ಬಾರಿಸಿ ಹಾಡುವ ಫಕೀರರು ಬರುತ್ತಾರೆ. ಅರ್ಧ ಗಂಟೆ ಆಟ, ಹಾಸಿದ ಬಟ್ಟೆಯ ಮೇಲೆ ಬಿದ್ದಷ್ಟು ಚಿಲ್ಲರೆ. ಅದೇ ಅವರ ದುಡಿಮೆ. ಯಾರಾದರೂ ‘ಗದ್ದಲ’ ಎಂದರೆ ಸಾಕು, ಗಂಟು ಕಟ್ಟಿ ಹೊರಡಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ಡಿಜೆ ಸದ್ದಿಗೆ ಕಿಟಕಿ ನಡುಗಿದರೂ ನಾವು ಸುಮ್ಮನಿರುತ್ತೇವೆ. ಇದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಗದ್ದಲಕ್ಕೆ ಅಳತೆ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವೂ ಬೇಡ, ವಾದ್ಯವೂ ಬೇಡ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ ಓದಲು ಕೂರುವ ನಮಗೆ ಈ ನಿಯಮಗಳ ಬೆಲೆ ಗೊತ್ತು. ಹಾಗಾಗಿ ಇವು ನಮಗೂ ಅನ್ವಯಿಸಲಿ: ರಮಜಾನ್‌ನಲ್ಲಿ ಸಹರಿಗೆ ಎಬ್ಬಿಸುವವರು ಬಾಯಿಂದ ಕರೆಯಲಿ, ಮೈಕ್ ಬೇಡ.

ಧ್ವನಿವರ್ಧಕದ ಅನುಮತಿಗೆ ದಾರಿಯೂ ಇದೆ. 2022ರ ಮೇ ತಿಂಗಳ ಸರ್ಕಾರಿ ಆದೇಶದಂತೆ ತಾಲ್ಲೂಕುಗಳಲ್ಲಿ ಇದನ್ನು ತೀರ್ಮಾನಿಸುವ ಸಮಿತಿಯಲ್ಲಿ ಡಿವೈಎಸ್ಪಿ, ತಹಶೀಲ್ದಾರ್, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಇರುತ್ತಾರೆ. ಮೈಕ್ ಇಲ್ಲದೆ ಹಗಲಿನಲ್ಲಿ ಆಡುವವನು ಮಾತ್ರ ಯಾರನ್ನು ಕೇಳಬೇಕು? ಅವನಿಗೆ ಎದುರಾಗುವುದು ಬೇರೆಯೇ ಕಾನೂನು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಹಾಡು, ಕುಣಿತ, ಚಮತ್ಕಾರಗಳ ನೆಪದಲ್ಲಿ ಬೇಡುವವರೂ ಭಿಕ್ಷುಕರೇ.

ಇದು ಕಲ್ಯಾಣದ ನೆಲ. ಹನ್ನೆರಡನೆಯ ಶತಮಾನದಲ್ಲಿ ವೇಷ ಕಟ್ಟಿ ಆಡುತ್ತಿದ್ದ ಬಹುರೂಪಿ ಚೌಡಯ್ಯ, ಜನರನ್ನು ನಗಿಸುತ್ತಿದ್ದ ನಗೆಯ ಮಾರಿತಂದೆ ಶರಣರ ಸಾಲಿನಲ್ಲಿ ಕೂತರು. ಅಂದು ಕಾಯಕವೆನಿಸಿದ್ದು ಇಂದು ಭಿಕ್ಷೆ ಹೇಗಾಯಿತು?

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ವ್ಯಾಪಾರಿಗೆ ಗುರುತಿನ ಚೀಟಿ, ಜಾಗ ಎರಡನ್ನೂ ಕೊಡುತ್ತದೆ. ಬಸವಕಲ್ಯಾಣ ನಗರಸಭೆ, ಹುಮನಾಬಾದ್ ಪುರಸಭೆ ಆಟಗಾರರಿಗೂ ಹಾಗೆಯೇ ಮಾಡಲಿ: ಆಸ್ಪತ್ರೆ, ಶಾಲೆಗಳಿಂದ ದೂರ ಒಂದು ಜಾಗ, ಹಗಲಿನ ನಿಗದಿತ ವೇಳೆ, ಕೈಯಲ್ಲೊಂದು ಚೀಟಿ. ಆಗ ದೂರು ಬಂದರೆ ಪೊಲೀಸರು ವೇಳೆ ಮತ್ತು ಸದ್ದನ್ನು ನೋಡಿ ತೀರ್ಮಾನಿಸಬಹುದು.

ಗೆಳೆಯರೇ, ರಾತ್ರಿ ಹತ್ತರ ನಂತರ ಡಿಜೆ ಕೇಳಿಸಿದರೆ 112ಕ್ಕೆ ಕರೆ ಮಾಡಿ. ಹಗಲು ಡೋಲು ಕೇಳಿಸಿದರೆ ಎರಡು ನಿಮಿಷ ನಿಂತು ನೋಡಿ, ಕೈಲಾದಷ್ಟು ಕೊಡಿ.