ಬಸದಿಗೆ ಬೇಲಿ, ಬೆಟ್ಟಕ್ಕೆ ಸುರಂಗ

ಮಳೆಗಾಲ ಕಳೆದೊಡನೆ ಶರಾವತಿ ಕಣಿವೆಗೆ ಪ್ರವಾಸಿಗರ ದಂಡು ಬರುತ್ತದೆ. ಬಿದನೂರು ನಗರದ ಕೋಟೆ, ಜೋಗ, ಗೇರುಸೊಪ್ಪೆಯ ಚತುರ್ಮುಖ ಬಸದಿ. ಎಲ್ಲವೂ ಒಂದೇ ಹಗಲಿನಲ್ಲಿ ಮುಗಿಯಬೇಕು. ಬಸದಿಯ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡರೆ ಇತಿಹಾಸ ಕಂಡಂತಾಯಿತು! ಬಸದಿಯ ಸುತ್ತ ಇರುವ ಕಾಡು ಅವರ ಪಾಲಿಗೆ ಬರಿಯ ಹಿನ್ನೆಲೆ.

ಆ ಬಸದಿಯ ವೈಭವಕ್ಕೆ ಆಧಾರವಾದದ್ದು ಯಾವುದು? ಈ ಕಾಡಿನ ಕಾಳುಮೆಣಸು. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಪಶ್ಚಿಮ ಘಟ್ಟವು ಕಾಳುಮೆಣಸಿನ ತವರು. ತೋಟದ ಬಳ್ಳಿಗಳು ಸೊರಗುರೋಗಕ್ಕೆ ಬಲಿಯಾಗುತ್ತಿರುವ ಇಂದು ರೋಗನಿರೋಧಕ ಗುಣವನ್ನು ಅರಸಿ ನಮ್ಮಂತಹ ಕೃಷಿವಿಜ್ಞಾನಿಗಳು ಮರಳಿ ಹೋಗಬೇಕಾದದ್ದು ಕಾಡುಬಳ್ಳಿಗಳ ಬಳಿಗೇ. ಇದೇ ಕಣಿವೆಯ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಲ್ಲಿ ವಿಜ್ಞಾನಕ್ಕೆ ಹೊಸದಾದ ಮರದ ಪ್ರಭೇದವೊಂದು 2000ರಲ್ಲಿ ದಾಖಲಾಯಿತು. ಕಾನೇ ಇಲ್ಲಿಯ ನಿಜವಾದ ಶಾಸನ. ಅದನ್ನು ಓದುವವರು ವಿರಳ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಎಷ್ಟೋ ಊರುಗಳು ಗದ್ದೆ-ತೋಟ-ದೇವರ ಸಮೇತ ಮುಳುಗಿದವು. ಹಿನ್ನೀರನ್ನು ‘ರಮ್ಯ ನೋಟ’ ಎಂದು ಮೆಚ್ಚುವವರಿಗೆ, ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಸಂತ್ರಸ್ತರ ಕತೆಯನ್ನು ಹೇಳುವವರಾರು?

ಈಗ ಅದೇ ಕಣಿವೆಯ ಮೇಲೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಕಣ್ಣು ಬಿದ್ದಿದೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು. ಬೇಡಿಕೆ ಹೆಚ್ಚಿದಾಗ ಅದನ್ನೇ ಕೆಳಗಿಳಿಸಿ ವಿದ್ಯುತ್ ತೆಗೆಯುವುದು. ಇದಕ್ಕಾಗಿ ಬೆಟ್ಟದ ಒಡಲಿನಲ್ಲಿ ಸುರಂಗ, ಭೂಗತ ವಿದ್ಯುದಾಗಾರ. ನೀರೆತ್ತಲು ತಗಲುವ ವಿದ್ಯುತ್ತು ಮರಳಿ ದೊರೆಯುವುದಕ್ಕಿಂತ ಹೆಚ್ಚು. ಹಗಲಿನ ಸೌರವಿದ್ಯುತ್ತನ್ನು ಇರುಳಿಗೆ ಕೂಡಿಡಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 2019ರಲ್ಲಿ ಸರ್ಕಾರವೇ ಸಿಂಗಳೀಕಗಳಿಗಾಗಿ ವಿಸ್ತರಿಸಿ ಘೋಷಿಸಿದ ಅಭಯಾರಣ್ಯದೊಳಗೇ ಅದು ಆಗಬೇಕೇ? ಮರದಿಂದ ಮರಕ್ಕೆ ದಾಟಿ ಬದುಕುವ ಆ ಪ್ರಾಣಿಗೆ ಕೊಂಬೆಗಳ ಸಾಲು ಕಡಿದರೆ ದಾರಿಯೇ ಕಡಿದಂತೆ. ಕಲ್ಲಿನ ಬಸದಿಗೆ ಬೇಲಿ, ಅದನ್ನು ಕಟ್ಟಿಸಿದ ಕಾಡಿಗೆ ಕೊಡಲಿ! ಇದು ಯಾವ ಪರಂಪರೆಯ ರಕ್ಷಣೆ?

ವಿದ್ಯಾರ್ಥಿ ಮಿತ್ರರೇ, ಗೇರುಸೊಪ್ಪೆಗೆ ಅಗತ್ಯವಾಗಿ ಹೋಗಿರಿ. ಆದರೆ ಬಸದಿ ನೋಡಿದ ಮೇಲೆ ಊರಿನ ಹಿರಿಯರೊಬ್ಬರೊಡನೆ ಕಾನಿನೊಳಗೂ ನಡೆಯಿರಿ. ಮೆಣಸಿನ ತಳಿಗಳ ಹೆಸರುಗಳನ್ನು, ಮುಳುಗಿದ ಊರುಗಳ ಹೆಸರುಗಳನ್ನು ಬರೆದುಕೊಳ್ಳಿರಿ. ಗ್ರಾಮಸ್ಥರೇ, 2002ರ ಜೀವವೈವಿಧ್ಯ ಕಾಯಿದೆಯು ನಿಮ್ಮ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ನೀಡಿದೆ. ಅದು ಕಡತದಲ್ಲಿ ಮಲಗಿದ್ದರೆ ಎಬ್ಬಿಸಿರಿ. ನಿಮ್ಮ ಕಾನಿನ ಮರ-ಬಳ್ಳಿಗಳನ್ನು ದಾಖಲಿಸಿರಿ. ಗ್ರಾಮಸಭೆಯಲ್ಲಿ ಠರಾವು ಮಾಡಿರಿ. ಏನೂ ದಾಖಲಾಗದ ಬೆಟ್ಟವನ್ನು ‘ಅಲ್ಲಿ ಏನೂ ಇರಲಿಲ್ಲ’ ಎಂದು ಹೇಳಿ ಕೊರೆಯುವುದು ಬಹಳ ಸುಲಭ.